ಅರ್ಧ ಕೆಜಿ ಕೋಳಿ, ಒಂದು ಕುಕ್ಕರ್, ಮುಕ್ಕಾಲು ಗಂಟೆ: ಅಂಗಡಿ ಮುಚ್ಚಿ ಬಂದ ಮೇಲೂ ಮಾಡಬಹುದು ಮನೆ ಸೂಪ್

ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ ಕಡೆ ಮಳೆ ಹಿಡಿದರೆ ಬಿಡೋದೇ ಇಲ್ಲ. ಅರಸೀಕೆರೆ ಕಡೆ ಮಳೆ ಕಮ್ಮಿ, ಆದರೆ ಡಿಸೆಂಬರ್ ಚಳಿಗೆ ಅಲ್ಲೂ ರಿಯಾಯಿತಿ ಇಲ್ಲ. ಇಂಥ ದಿನಗಳಲ್ಲಿ ಎಂಟೂವರೆಗೆ ಶಟರ್ ಎಳೆದು ಮನೆ ಸೇರುವವರಿಗೆ ಬಿಸಿಬಿಸಿಯಾಗಿ ಏನಾದ್ರೂ ಬೇಕು ಅನ್ಸುತ್ತೆ. ಆ ಹೊತ್ತಿನಲ್ಲಿ ಕಾಯಿ ತುರಿದು, ಮಸಾಲೆ ಹುರಿದು, ರುಬ್ಬಿ ಕೋಳಿ ಸಾರು ಮಾಡೋಕೆ ಯಾರಿಗೂ ತ್ರಾಣ ಇರಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಹೋಟೆಲ್ ಪಾರ್ಸಲ್ ಬರುತ್ತೆ, ಇಲ್ಲಾಂದ್ರೆ ಪ್ಯಾಕೆಟ್ ಸೂಪ್ ಪುಡಿ ಬಿಸಿನೀರಿಗೆ ಬೀಳುತ್ತೆ.

ಕೋಳಿ ಸೂಪ್‌ಗೆ ರುಬ್ಬುವ ಕೆಲಸವೇ ಇಲ್ಲ. ಕಾಯಿ ಬೇಡ, ಎಣ್ಣೆಯೂ ಬೇಡ. ಭಾನುವಾರದವರೆಗೆ ಕಾಯಬೇಕಾಗಿಯೂ ಇಲ್ಲ. ನಾಲ್ಕು ಜನರ ಮನೆಗೆ ಅರ್ಧ ಕೆಜಿ ಕೋಳಿ ಸಾಕು. ಬೇಕಾಗೋದು ಮೂಳೆ, ನೀರು, ಸಣ್ಣ ಉರಿ ಮತ್ತು ಒಂದಿಷ್ಟು ಎಚ್ಚರ. ಈ ಎಚ್ಚರದ ಮಾತು ಯಾಕೆ ಅಂದ್ರೆ, ಸೂಪ್ ಹೆಚ್ಚಾಗಿ ಹೋಗೋದು ಮನೆಯ ವಯಸ್ಸಾದವರಿಗೆ, ಮಕ್ಕಳಿಗೆ, ಜ್ವರದಿಂದ ಎದ್ದವರಿಗೆ. ಅವರ ಹೊಟ್ಟೆಗೆ ಹೋಗುವ ಬಟ್ಟಲಿನಲ್ಲಿ ಉಪ್ಪು ಎಷ್ಟಿದೆ, ಕೋಳಿ ಎಷ್ಟು ಹೊತ್ತು ಹೊರಗಿತ್ತು, ನಿನ್ನೆಯ ಸೂಪ್ ರಾತ್ರಿಯೆಲ್ಲಾ ಎಲ್ಲಿತ್ತು ಅನ್ನೋದು ಮುಖ್ಯ.

ಅಂಗಡಿಯಲ್ಲಿ ಏನು ಕೇಳಬೇಕು?

ಸೂಪ್‌ಗೆ ಎದೆಯ ಮೆತ್ತನೆ ತುಂಡು ಕೇಳಬೇಡಿ. ರುಚಿ ಇರೋದು ಮೂಳೆ ಇರುವ ಕಡೆ. ಕತ್ತು, ಬೆನ್ನು, ಪಕ್ಕೆ, ರೆಕ್ಕೆ, ಕಾಲಿನ ಮೂಳೆ ತುಂಡುಗಳನ್ನು ಬೆರೆಸಿ ಕೊಡೋಕೆ ಹೇಳಿ. ಬೋನ್‌ಲೆಸ್ ಕತ್ತರಿಸಿದ ಮೇಲೆ ಉಳಿದ ಮೂಳೆ ಭಾಗವನ್ನು ಕೆಲವು ಅಂಗಡಿಯವರು ಕಡಿಮೆ ದರಕ್ಕೆ ಕೊಡ್ತಾರೆ. ಅದನ್ನು ಕಾಲು ಕೆಜಿ, ಮಾಂಸ ಇರುವ ತುಂಡು ಕಾಲು ಕೆಜಿ ತಂದರೂ ಆಗುತ್ತೆ. ಲಿವರ್ ಮಾತ್ರ ಸೂಪ್‌ಗೆ ಹಾಕಬೇಡಿ, ರಸ ಮಬ್ಬಾಗಿ ಒಗರು ಬರುತ್ತೆ.

ಮೂಳೆಗೆ ಅಂಟಿದ ನರ, ಚರ್ಮ, ಕೀಲಿನ ಭಾಗದಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತೆ. ನೀರಿನಲ್ಲಿ ನಿಧಾನವಾಗಿ ಬೆಂದಾಗ ಅದು ಕರಗಿ ಜೆಲಾಟಿನ್ ಆಗುತ್ತೆ. ಒಳ್ಳೆ ಸೂಪ್ ಕುಡಿದಾಗ ತುಟಿಗೆ ಸ್ವಲ್ಪ ಅಂಟಿದ ಹಾಗೆ ಆಗೋದು ಇದರಿಂದಲೇ. ಬರೀ ಎದೆ ಮಾಂಸ ಬೇಯಿಸಿದರೆ ಈ ಮೈ ಬರಲ್ಲ, ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಬೇಕಾಗುತ್ತೆ.

ಫಾರಂ ಕೋಳಿಯೋ, ನಾಟಿ ಕೋಳಿಯೋ ಅನ್ನುವ ವಾದಕ್ಕೆ ಉತ್ತರ ನಿಮ್ಮ ಗಡಿಯಾರದಲ್ಲಿದೆ. ಫಾರಂ ಕೋಳಿ ಸುಮಾರು ಆರು ವಾರಕ್ಕೇ ಅಂಗಡಿಗೆ ಬರುತ್ತೆ. ಮಾಂಸ ಎಳೆಯದು, ಬೇಗ ಬೇಯುತ್ತೆ. ನಾಟಿ ಕೋಳಿ ತಿಂಗಳುಗಟ್ಟಲೆ ಓಡಾಡಿ ಬೆಳೆದದ್ದು. ಮಾಂಸ ಗಟ್ಟಿ, ರಸಕ್ಕೆ ರುಚಿ ಜಾಸ್ತಿ, ಬೇಯೋಕೆ ಸಮಯವೂ ಜಾಸ್ತಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಿತ್ತಲ ಸಾಕಣೆಗಾಗಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಸಿಕ್ಕರೆ ಅದು ಎರಡರ ನಡುವಿನದು. ವಾರದ ನಡುವಿನ ರಾತ್ರಿಗೆ ಫಾರಂ ಕೋಳಿಯೇ ಅನುಕೂಲ. ರಜೆಯ ದಿನಕ್ಕೆ ನಾಟಿ ಇಟ್ಟುಕೊಳ್ಳಿ.

ಗಲ್ಲಾಪೆಟ್ಟಿಗೆ ಕೆಳಗಿನ ಕೋಳಿ

ವ್ಯಾಪಾರಸ್ಥರು ಗಮನಿಸಬೇಕಾದ ವಿಷಯ ಇದು. ಸಂಜೆ ಐದಕ್ಕೆ ಟೀ ಕುಡಿಯೋಕೆ ಹೋದಾಗ ಕೋಳಿ ತಂದು, ಕವರ್‌ನಲ್ಲೇ ಗಲ್ಲಾಪೆಟ್ಟಿಗೆ ಕೆಳಗಿಟ್ಟು, ಒಂಬತ್ತಕ್ಕೆ ಮನೆಗೆ ಒಯ್ಯೋದು ಹಲವರ ಅಭ್ಯಾಸ. ಹಸಿ ಮಾಂಸ ಹಾಗೆ ನಾಲ್ಕು ಗಂಟೆ ಇರಬಾರದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ. ನಮ್ಮ ಅಂಗಡಿಗಳ ಒಳಗಿನ ಬಿಸಿ ಸರಿಯಾಗಿ ಇದರ ಮಧ್ಯದಲ್ಲೇ ಬರುತ್ತೆ. ಹಸಿ ಮಾಂಸ ಹೊರಗಡೆ ಒಟ್ಟು ಎರಡು ಗಂಟೆ ದಾಟಬಾರದು ಅನ್ನೋದು ಸಾಮಾನ್ಯ ನಿಯಮ. ಬೇಸಿಗೆಯ ಸೆಕೆಯಲ್ಲಿ ಒಂದೇ ಗಂಟೆ ಅಂತ ಲೆಕ್ಕ ಇಡಿ.

ಇದಕ್ಕೆ ದಾರಿ ಎರಡಿವೆ. ಮನೆಗೆ ಹೊರಡುವಾಗಲೇ ಕೋಳಿ ಅಂಗಡಿಗೆ ಹೋಗಿ, ಕಣ್ಣೆದುರು ಕೊಯ್ಸಿ ತನ್ನಿ. ಅಷ್ಟು ಹೊತ್ತಿಗೆ ಕೋಳಿ ಅಂಗಡಿ ಮುಚ್ಚುತ್ತೆ ಅನ್ನೋದಾದ್ರೆ ಬೆಳಗ್ಗೆಯೇ ತಂದು, ಮುಚ್ಚಳ ಇರುವ ಸ್ಟೀಲ್ ಡಬ್ಬಿಗೆ ಹಾಕಿ, ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಮೇಲಿಟ್ಟರೆ ರಕ್ತದ ನೀರು ಹಾಲು, ಮೊಸರು, ತರಕಾರಿ ಮೇಲೆ ತೊಟ್ಟಿಕ್ಕಬಹುದು.

ಇನ್ನು ತೊಳೆಯೋದು. ಕೋಳಿಯನ್ನು ತೊಳೆಯದೆ ಒಲೆಗೆ ಹಾಕಿ ಅಂದ್ರೆ ನಮ್ಮ ಮನೆಗಳಲ್ಲಿ ಯಾರೂ ಒಪ್ಪಲ್ಲ. ಆದರೆ ಗೊತ್ತಿರಲಿ: ತೊಳೆದರೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಸಾಯಲ್ಲ, ಸಾಯೋದು ಬೇಯಿಸಿದಾಗ ಮಾತ್ರ. ಜೋರು ನಲ್ಲಿ ಕೆಳಗೆ ಹಿಡಿದರೆ ಅವು ನೀರಿನ ಹನಿಯ ಜೊತೆ ಸುತ್ತಲಿನ ಪಾತ್ರೆ, ತರಕಾರಿ ಮೇಲೆಲ್ಲಾ ಎರಚಿಕೊಳ್ಳುತ್ತವೆ. ತೊಳೆಯಲೇಬೇಕಿದ್ದರೆ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೇ ನಿಧಾನವಾಗಿ ಜಾಲಿಸಿ, ನೀರನ್ನು ಮೆಲ್ಲಗೆ ಚೆಲ್ಲಿ. ಆಮೇಲೆ ಸಿಂಕ್, ಪಾತ್ರೆ, ಚಾಕು, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಹಸಿಯಾಗಿ ತಿನ್ನುವ ಈರುಳ್ಳಿ, ಸೌತೆಕಾಯಿಯನ್ನು ಅದೇ ಮಣೆ ಮೇಲೆ ಹೆಚ್ಚಬೇಡಿ.

ನಾಲ್ಕು ಜನಕ್ಕೆ ಬೇಕಾದ ಸಾಮಾನು

ಮೂಳೆ ಇರುವ ಕೋಳಿ: ಅರ್ಧ ಕೆಜಿ
ನೀರು: ಒಂದೂವರೆ ಲೀಟರ್
ಈರುಳ್ಳಿ: ಮಧ್ಯಮ ಗಾತ್ರದ 2
ಬೆಳ್ಳುಳ್ಳಿ: 8 ಎಸಳು
ಶುಂಠಿ: ಹೆಬ್ಬೆರಳ ತುದಿಯಷ್ಟು
ಟೊಮೆಟೊ: 1
ಕ್ಯಾರೆಟ್: 1, ಬೀನ್ಸ್: ಏಳೆಂಟು (ಇದ್ದರೆ ಮಾತ್ರ)
ಕಾಳುಮೆಣಸು: ಒಂದೂವರೆ ಟೀ ಚಮಚ
ಜೀರಿಗೆ: 1 ಟೀ ಚಮಚ
ಅರಿಶಿನ: ಕಾಲು ಟೀ ಚಮಚ
ಕೊತ್ತಂಬರಿ ಸೊಪ್ಪು: ಒಂದು ಹಿಡಿ, ದಂಟು ಸಮೇತ
ಉಪ್ಪು: 1 ಟೀ ಚಮಚ, ಮಟ್ಟಸವಾಗಿ
ನಿಂಬೆಹಣ್ಣು: ಅರ್ಧ

ಇದರಲ್ಲಿ ಖಾರ ಕೊಡೋದು ಕಾಳುಮೆಣಸು ಮಾತ್ರ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಮರಕ್ಕೆ ಹಬ್ಬಿಸಿ ಬೆಳೆಯುವ ಮೆಣಸು ಇದೇ ಆದ್ದರಿಂದ ಒಳ್ಳೆ ಕಾಳು ಸಿಗೋದು ಕಷ್ಟ ಅಲ್ಲ. ಪುಡಿ ಪ್ಯಾಕೆಟ್ ಬದಲು ಕಾಳನ್ನೇ ತಂದು, ಬೇಕಾದಾಗ ಕುಟ್ಟಿಕೊಳ್ಳಿ. ಕುಟ್ಟಿಟ್ಟ ಮೆಣಸಿನ ಘಮ ದಿನ ಕಳೆದ ಹಾಗೆ ಹೋಗುತ್ತೆ.

ಮಾಡುವ ಕ್ರಮ

ಐದು ಲೀಟರ್ ಕುಕ್ಕರ್‌ಗೆ ಕೋಳಿ ತುಂಡು ಹಾಕಿ, ತಣ್ಣೀರು ಸುರಿದು, ಮುಚ್ಚಳ ಹಾಕದೆ ಒಲೆ ಮೇಲಿಡಿ. ಕುದಿ ಬರುವ ಹೊತ್ತಿಗೆ ಮೇಲೆ ಬೂದು ಬಣ್ಣದ ನೊರೆ ಏಳುತ್ತೆ. ಇದು ಕೊಳೆ ಅಲ್ಲ, ಮಾಂಸದಿಂದ ಹೊರಬಂದು ಗಟ್ಟಿಯಾದ ಪ್ರೋಟೀನ್. ತಿಂದರೆ ತೊಂದರೆ ಇಲ್ಲ, ಆದರೆ ಸೂಪ್ ಮಬ್ಬಾಗುತ್ತೆ. ಐದು ನಿಮಿಷ ನಿಂತು ಸೌಟಿನಲ್ಲಿ ತೆಗೆದುಬಿಡಿ.

ನೊರೆ ನಿಂತ ಮೇಲೆ ದಪ್ಪಗೆ ಹೆಚ್ಚಿದ ಈರುಳ್ಳಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಟೊಮೆಟೊ, ಅರಿಶಿನ, ಕೊತ್ತಂಬರಿ ದಂಟು ಹಾಕಿ. ಉಪ್ಪು ಅರ್ಧ ಮಾತ್ರ ಈಗ. ಮುಚ್ಚಳ ಮುಚ್ಚುವ ಮೊದಲು ನೋಡಿಕೊಳ್ಳಿ, ಕುಕ್ಕರ್ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿರಬಾರದು. ಜಾಸ್ತಿ ಇದ್ದರೆ ರಸ ವಿಶಲ್‌ನಿಂದ ಉಕ್ಕಿ ಹೊರಗೆ ಬರುತ್ತೆ.

ಮೊದಲ ವಿಶಲ್ ಬಂದ ತಕ್ಷಣ ಉರಿ ಸಣ್ಣ ಮಾಡಿ. ಫಾರಂ ಕೋಳಿಗೆ ಅಲ್ಲಿಂದ 12 ನಿಮಿಷ, ಗಿರಿರಾಜಕ್ಕೆ ಸುಮಾರು 20, ಬಲಿತ ನಾಟಿ ಕೋಳಿಗೆ 30ರಿಂದ 35 ನಿಮಿಷ. ವಿಶಲ್ ಎಣಿಸುವುದಕ್ಕಿಂತ ಗಡಿಯಾರ ನೋಡೋದು ವಾಸಿ, ಯಾಕಂದ್ರೆ ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತೆ. ಒತ್ತಡದಲ್ಲಿ ಕುಕ್ಕರ್ ಒಳಗಿನ ಬಿಸಿ ಸುಮಾರು 120 ಡಿಗ್ರಿವರೆಗೆ ಹೋಗುವುದರಿಂದ ಬಯಲು ಪಾತ್ರೆಯಲ್ಲಿ ಗಂಟೆಗಟ್ಟಲೆ ಆಗುವ ಕೆಲಸ ಇಲ್ಲಿ ನಿಮಿಷಗಳಲ್ಲಿ ಮುಗಿಯುತ್ತೆ. ಪಾತ್ರೆಯಲ್ಲೇ ಮಾಡೋದಾದ್ರೆ ಫಾರಂ ಕೋಳಿಗೆ ಮುಕ್ಕಾಲು ಗಂಟೆ, ನಾಟಿಗೆ ಒಂದೂವರೆಯಿಂದ ಎರಡು ಗಂಟೆ ಬೇಕು. ಆಗ ಕೊತಕೊತ ಕುದಿಸಬೇಡಿ, ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಸಾಕು.

ಕುಕ್ಕರ್ ತಾನಾಗಿ ತಣಿಯಲಿ. ಆ ಹೊತ್ತಿನಲ್ಲಿ ಕಾಳುಮೆಣಸು, ಜೀರಿಗೆಯನ್ನು ಬರೀ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ತರಿತರಿಯಾಗಿ ಕುಟ್ಟಿಕೊಳ್ಳಿ. ಕ್ಯಾರೆಟ್, ಬೀನ್ಸ್ ಸಣ್ಣಗೆ ಹೆಚ್ಚಿ. ಮುಚ್ಚಳ ತೆಗೆದ ಮೇಲೆ ಮೂಳೆಯ ತುದಿಯ ಮಾಂಸವನ್ನು ಸೌಟಿನಿಂದ ಒತ್ತಿ ನೋಡಿ. ಸಲೀಸಾಗಿ ಬಿಟ್ಟುಕೊಂಡರೆ ಬೆಂದಿದೆ. ಒಳಗೆ ಕೆಂಪು ರಸ ಕಂಡರೆ ಇನ್ನೊಮ್ಮೆ ಮುಚ್ಚಿ ಬೇಯಿಸಿ.

ಮೇಲೆ ತೇಲುವ ಜಿಡ್ಡನ್ನು ಸೌಟಿನಿಂದ ಎಷ್ಟು ಬೇಕೋ ಅಷ್ಟು ತೆಗೆಯಿರಿ. ತರಕಾರಿ ಹಾಕಿ ಐದು ನಿಮಿಷ ಕುದಿಸಿ. ಕುಟ್ಟಿದ ಮೆಣಸು ಜೀರಿಗೆ ಕೊನೆಯ ಎರಡು ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ಘಮ ಹಬೆಯ ಜೊತೆ ಹೋಗುತ್ತೆ. ರುಚಿ ನೋಡಿ ಉಳಿದ ಉಪ್ಪು ಹಾಕಿ. ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಇಷ್ಟೇ ಕೆಲಸ. ಫಾರಂ ಕೋಳಿಯಾದರೆ ಎಲ್ಲಾ ಸೇರಿ ಮುಕ್ಕಾಲು ಗಂಟೆ. ಅದರಲ್ಲಿ ಕೈ ಆಡಿಸುವ ಕೆಲಸ ಇಪ್ಪತ್ತು ನಿಮಿಷವೂ ಇಲ್ಲ.

ಸ್ವಲ್ಪ ಗಟ್ಟಿ ಇರಬೇಕು ಅನ್ನುವವರು ಕಾರ್ನ್‌ಫ್ಲೋರ್ ಹುಡುಕಬೇಕಿಲ್ಲ. ಒಂದು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಸೂಪ್‌ಗೆ ಸುರಿದು, ಐದು ನಿಮಿಷ ಕೈಯಾಡಿಸಿ. ಹಸಿ ವಾಸನೆ ಹೋಗುತ್ತೆ, ಹೊಟ್ಟೆಯೂ ತುಂಬುತ್ತೆ.

ಬರೀ ರಸ ಕೊಟ್ಟರೆ ಸಾಕಾ?

ಮನೆಯಲ್ಲಿ ಹುಷಾರಿಲ್ಲದವರು ಇದ್ದರೆ ರಸವನ್ನು ಅವರಿಗೆ ಬಗ್ಗಿಸಿ ಕೊಟ್ಟು, ತುಂಡುಗಳನ್ನು ಉಳಿದವರು ತಿನ್ನೋದು ವಾಡಿಕೆ. "ಸತ್ವ ಎಲ್ಲಾ ನೀರಿಗೆ ಇಳಿದಿದೆ" ಅನ್ನೋ ನಂಬಿಕೆ ಇದಕ್ಕೆ ಕಾರಣ. ಇದು ಪೂರ್ತಿ ಸರಿ ಅಲ್ಲ. ರುಚಿ, ಉಪ್ಪು, ಸ್ವಲ್ಪ ಜೆಲಾಟಿನ್, ಕೊಂಚ ಕೊಬ್ಬು ನೀರಿಗೆ ಬರುತ್ತೆ ನಿಜ. ಆದರೆ ಪ್ರೋಟೀನ್‌ನ ಹೆಚ್ಚಿನ ಪಾಲು ಮಾಂಸದಲ್ಲೇ ಉಳಿದಿರುತ್ತೆ. ಸೊರಗಿದ ಅಜ್ಜಿಗೆ ಎರಡು ದಿನ ಬರೀ ರಸ ಕೊಟ್ಟು, "ಸೂಪ್ ಕೊಡ್ತಿದ್ದೀವಲ್ಲ" ಅಂತ ಸಮಾಧಾನ ಪಟ್ಟರೆ ಅವರ ಹೊಟ್ಟೆಗೆ ಹೋದದ್ದು ಹೆಚ್ಚುಪಾಲು ನೀರೇ. ಮಾಂಸವನ್ನು ಮೂಳೆಯಿಂದ ಬಿಡಿಸಿ, ಎಳೆಎಳೆಯಾಗಿ ಹಿಸುಕಿ, ಅದೇ ಬಟ್ಟಲಿಗೆ ಹಾಕಿ ಕೊಡಿ. ಹಲ್ಲಿಲ್ಲದವರೂ ನುಂಗಬಹುದು.

ಇನ್ನೊಂದು ನಂಬಿಕೆ ಮೂಳೆ ಸೂಪ್ ಕುಡಿದರೆ ಮೂಳೆ ಗಟ್ಟಿಯಾಗುತ್ತೆ ಅನ್ನೋದು. ಅಡುಗೆಮನೆಯಲ್ಲಿ ಬೇಯಿಸುವ ಹೊತ್ತಿನಲ್ಲಿ ಮೂಳೆಯಿಂದ ರಸಕ್ಕೆ ಇಳಿಯುವ ಕ್ಯಾಲ್ಸಿಯಂ ತೀರಾ ಕಡಿಮೆ. ಅದು ಬೇಕಿದ್ದರೆ ಜೊತೆಗೆ ಮುದ್ದೆ ಇರಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಸೂಪ್, ತುಂಡು, ಅರ್ಧ ಮುದ್ದೆ ಸೇರಿದರೆ ಅದು ನಿಜವಾದ ರಾತ್ರಿ ಊಟ.

ನೆಗಡಿಗೆ ಸೂಪ್: ಎಷ್ಟು ನಿಜ?

ನೆಗಡಿಗೆ ಕೋಳಿ ಸೂಪ್ ಅನ್ನೋದು ನಮ್ಮಲ್ಲಿ ಮಾತ್ರ ಇರುವ ಮಾತಲ್ಲ. ಹನ್ನೆರಡನೇ ಶತಮಾನದ ಯಹೂದಿ ವೈದ್ಯ ಮೈಮೊನಿಡೀಸ್ ಕೂಡ ಇದನ್ನು ಹೇಳಿದ್ದ. ಅಮೆರಿಕದ ಮಯಾಮಿಯಲ್ಲಿ ನಡೆದು 1978ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆಯೊಂದರಲ್ಲಿ ಬಿಸಿ ಕೋಳಿ ಸೂಪ್ ಕುಡಿದ ಆರೋಗ್ಯವಂತರ ಮೂಗಿನ ಸಿಂಬಳ ಬೇಗ ಹರಿಯಿತು. ಅಲ್ಲಿನ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ ತಮ್ಮ ಹೆಂಡತಿಯ ಅಜ್ಜಿ ಕಡೆಯಿಂದ ಬಂದ ಕ್ರಮದಲ್ಲೇ ಸೂಪ್ ಮಾಡಿಸಿ ಪ್ರಯೋಗಾಲಯಕ್ಕೆ ಒಯ್ದರು. ಊತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟವನ್ನು ಆ ಸೂಪ್ ತಗ್ಗಿಸಿತು ಅಂತ 2000ದಲ್ಲಿ ಚೆಸ್ಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆದರೆ ಅದು ಗಾಜಿನ ತಟ್ಟೆಯಲ್ಲಿ ನಡೆದ ಪ್ರಯೋಗ, ರೋಗಿಗಳ ಮೇಲೆ ಮಾಡಿದ್ದಲ್ಲ.

ಒಟ್ಟಿನಲ್ಲಿ, ನೆಗಡಿ ಆದಾಗ ಸೂಪ್ ಹಿತ ಕೊಡುತ್ತೆ. ಮೈಗೆ ನೀರು ಸೇರುತ್ತೆ, ಗಂಟಲಿಗೆ ಬಿಸಿ ತಾಗುತ್ತೆ, ಬಾಯಿ ಕೆಟ್ಟವರಿಗೂ ನಾಲ್ಕು ಚಮಚ ಸೇರುತ್ತೆ. ಔಷಧಿಯ ಕೆಲಸ ಮಾತ್ರ ಅದರಿಂದ ಆಗಲ್ಲ. ಮಳೆಗಾಲದಲ್ಲಿ ಡೆಂಗಿ ಕೂಡ ಶುರುವಾಗೋದು ಜ್ವರ, ಮೈಕೈ ನೋವಿನಿಂದಲೇ. ಜ್ವರ ಎರಡು ದಿನ ದಾಟಿದರೆ, ಹೊಟ್ಟೆ ನೋವು, ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಸೂಪ್ ಕುಡಿಸಿ ಇನ್ನೊಂದು ದಿನ ನೋಡೋಣ ಅನ್ನಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಉಪ್ಪಿನ ಲೆಕ್ಕ

ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲಿನ ಲೆಕ್ಕದಲ್ಲಿ ಹಾಕುವ ಒಂದು ಟೀ ಚಮಚ ಉಪ್ಪು ಸುಮಾರು 5 ಗ್ರಾಂ. ನಾಲ್ವರಿಗೆ ಹಂಚಿದರೆ ತಲೆಗೆ ಒಂದೂಕಾಲು ಗ್ರಾಂ ಬರುತ್ತೆ. ಪ್ಯಾಕೆಟ್ ಸೂಪ್ ಅಥವಾ ಸೂಪ್ ಕ್ಯೂಬ್ ತರುವವರು ಹಿಂಬದಿಯ ಪಟ್ಟಿಯಲ್ಲಿ ಸೋಡಿಯಂ ಎಷ್ಟಿದೆ ನೋಡಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತೆ. ಸೋಡಿಯಂ 800 ಮಿಲಿಗ್ರಾಂ ಅಂತ ಇದ್ದರೆ ಉಪ್ಪು 2 ಗ್ರಾಂ ಅಂತ ತಿಳಿಯಿರಿ. ಆ ಲೆಕ್ಕ ಒಂದು ಬಟ್ಟಲಿಗೋ, ನೂರು ಗ್ರಾಂ ಪುಡಿಗೋ ಅನ್ನೋದನ್ನೂ ಗಮನಿಸಿ.

ಬಿಪಿ ಇರುವವರಿಗೆ ಉಪ್ಪು ಹಾಕುವ ಮುಂಚೆಯೇ ಒಂದು ಬಟ್ಟಲು ತೆಗೆದಿಟ್ಟು, ನಿಂಬೆ, ಮೆಣಸು ಸ್ವಲ್ಪ ಮುಂದೆ ಮಾಡಿದರೆ ಸಪ್ಪೆ ಅನ್ಸಲ್ಲ. ಹಾಗೆ ಮಾಡೋದಾದ್ರೆ ಮೊದಲಿನ ಅರ್ಧ ಚಮಚವನ್ನೂ ಕೊನೆಗೇ ಹಾಕಿ. ಕಿಡ್ನಿ ತೊಂದರೆ ಇರುವವರು, ಯೂರಿಕ್ ಆಸಿಡ್ ಹೆಚ್ಚಿ ಕೀಲು ಊದುವವರು ಮೂಳೆ ಸೂಪ್ ಅಭ್ಯಾಸ ಮಾಡಿಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಒಂದು ವರ್ಷದೊಳಗಿನ ಮಗುವಿನ ಪಾಲಿಗೆ ಉಪ್ಪು, ಮೆಣಸು ಎರಡೂ ಬೇಡ. ಮಕ್ಕಳಿಗೆ ಯಾವಾಗಲೂ ಸೋಸಿಯೇ ಕೊಡಿ. ಕುಕ್ಕರ್‌ನಲ್ಲಿ ಬೆಂದ ಫಾರಂ ಕೋಳಿ ಮೂಳೆ ಮುರಿದು ಸಣ್ಣ ಚೂರು ರಸದಲ್ಲಿ ಉಳಿದಿರಬಹುದು.

ಉಳಿದ ಸೂಪ್ ಒಲೆ ಮೇಲೆ ಬಿಡಬೇಡಿ

ರಾತ್ರಿ ಉಳಿದದ್ದನ್ನು ಕುಕ್ಕರ್‌ನಲ್ಲೇ ಬಿಟ್ಟು, ಬೆಳಗ್ಗೆ ಚೆನ್ನಾಗಿ ಕುದಿಸಿದರೆ ಆಯ್ತು ಅಂತ ಹಲವರು ತಿಳಿದಿದ್ದಾರೆ. ಮಾಂಸದ ರಸದ ವಿಷಯದಲ್ಲಿ ಇದು ಅಪಾಯ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಲ್ಲೂ ಬದುಕಬಲ್ಲವು. ದೊಡ್ಡ ಪಾತ್ರೆಯ ಸೂಪ್ ನಿಧಾನವಾಗಿ ತಣಿಯುವಾಗ ಅವು ಮೊಳೆತು ರಾತ್ರಿಯಿಡೀ ಹೆಚ್ಚುತ್ತವೆ. ಬೆಳಗ್ಗೆ ಮೂಸಿದರೂ ವಾಸನೆ ಬಾರದೇ ಇರಬಹುದು. ಅರೆಬರೆ ಬಿಸಿ ಮಾಡಿ ಕುಡಿದರೆ ಹೊಟ್ಟೆ ನುಲಿತ, ಭೇದಿ ಶುರುವಾಗಬಹುದು. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ.

ಊಟ ಮುಗಿದ ಕೂಡಲೇ ಉಳಿದ ಸೂಪ್ ಅನ್ನು ಅಗಲ ಪಾತ್ರೆಗೆ ಬಗ್ಗಿಸಿ. ಆ ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್‌ನಲ್ಲಿಟ್ಟು ಆಗಾಗ ಕೈಯಾಡಿಸಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮೂರು ದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ತೆಗೆದು, ಪೂರ್ತಿ ಕುದಿ ಬರಿಸಿ ಕುಡಿಯಿರಿ. ಫ್ರಿಜ್ ಇಲ್ಲದ ಮನೆಯಲ್ಲಿ ಆ ಹೊತ್ತಿಗೆ ಮುಗಿಯುವಷ್ಟೇ ಮಾಡೋದು ಒಳ್ಳೆಯದು. ಇಬ್ಬರಿಗೆ ಕಾಲು ಕೆಜಿ ಸಾಕು.

ಮರುದಿನ ಫ್ರಿಜ್ ತೆಗೆದಾಗ ಸೂಪ್ ಹೆಪ್ಪುಗಟ್ಟಿ ಜೆಲ್ಲಿ ಥರ ಅಲ್ಲಾಡುತ್ತಿದ್ದರೆ ಕೆಟ್ಟುಹೋಗಿದೆ ಅಂತ ಚೆಲ್ಲಬೇಡಿ. ಮೂಳೆಯಿಂದ ಇಳಿದ ಜೆಲಾಟಿನ್ ಅದು, ಸರಿಯಾಗಿ ಬೆಂದಿದೆ ಅನ್ನೋಕೆ ಸಾಕ್ಷಿ. ಬಿಸಿ ಮಾಡಿದರೆ ಮತ್ತೆ ನೀರಾಗುತ್ತೆ. ಮೇಲೆ ಗಟ್ಟಿಯಾದ ಬಿಳಿ ಜಿಡ್ಡನ್ನು ಚಮಚದಲ್ಲಿ ಸುಲಭವಾಗಿ ಎತ್ತಬಹುದು. ಆ ರಸಕ್ಕೆ ಒಂದು ಹಿಡಿ ಅಕ್ಕಿ, ಎರಡು ಹಿಡಿ ಸೊಪ್ಪು ಹಾಕಿ ಬೇಯಿಸಿದರೆ ಮಾರನೇ ರಾತ್ರಿಯ ಊಟವೂ ಆಯ್ತು.

ಅಡುಗೆಮನೆಗೆ ಹೋಗುವ ಮುಂಚೆ ಇಷ್ಟು ನೆನಪಿರಲಿ

ಮೂಳೆ ಇರುವ ತುಂಡು ಕೇಳಿ ತನ್ನಿ, ಮನೆಗೆ ಹೊರಡುವಾಗಲೇ ತನ್ನಿ.
ಮೊದಲ ವಿಶಲ್ ಆದ ಮೇಲೆ ಸಣ್ಣ ಉರಿ: ಫಾರಂಗೆ 12 ನಿಮಿಷ, ನಾಟಿಗೆ ಅರ್ಧ ಗಂಟೆಗಿಂತ ಹೆಚ್ಚು.
ಮೆಣಸು ಕೊನೆಗೆ, ನಿಂಬೆ ಒಲೆ ಆರಿಸಿದ ಮೇಲೆ.
ಹುಷಾರಿಲ್ಲದವರಿಗೆ ರಸದ ಜೊತೆ ಮಾಂಸವನ್ನೂ ಬಿಡಿಸಿ ಕೊಡಿ.
ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್‌ಗೆ.
ಎರಡು ದಿನ ದಾಟಿದ ಜ್ವರಕ್ಕೆ ಡಾಕ್ಟರ್ ಬೇಕು, ಸೂಪ್ ಸಾಲದು.